ಡಿಸ್ಕ್ ಗಾಲ್ಫ್ ಟೀಗೆ ಯಾವ ನೆಲ ಹಾಕಿಸಬೇಕು? ಜಲ್ಲಿಪುಡಿ, ಕಾಂಕ್ರೀಟ್, ಚಪ್ಪಡಿ, ರಬ್ಬರ್, ಟರ್ಫ್: ಬಯಲುಸೀಮೆಗೆ ಒಂದು ಹೋಲಿಕೆ

ಡಿಸ್ಕ್ ಗಾಲ್ಫ್ ಎಂದರೆ ತಟ್ಟೆಯಂಥ ಡಿಸ್ಕನ್ನು ಎಸೆಯುತ್ತಾ ಹೋಗಿ ಚೈನು ತೂಗುವ ಬ್ಯಾಸ್ಕೆಟ್ಟಿಗೆ ಹಾಕುವ ಆಟ. ಮೊದಲ ಎಸೆತದ ಜಾಗ ಟೀ, ಅಲ್ಲಿಂದ ಬ್ಯಾಸ್ಕೆಟ್‌ವರೆಗಿನ ಹಾದಿ ಒಂದು ಹೋಲ್. ಇದರ ಕೋರ್ಸ್ ಮಾಡಹೊರಟವರು ಬ್ಯಾಸ್ಕೆಟ್ ಎಲ್ಲಿಂದ ತರಿಸಬೇಕು, ಅದಕ್ಕೆ ಎಷ್ಟು ಎಳೆ ಚೈನಿರಬೇಕು ಎಂದು ಹತ್ತು ಕಡೆ ವಿಚಾರಿಸುತ್ತಾರೆ. ಟೀಗೆ ಹಾಸುವ ನೆಲದ, ಅಂದರೆ ಟೀ ಪ್ಯಾಡಿನ ಮಾತು ಬಂದಾಗ ಮಾತ್ರ ‘ಉಳಿದ ದುಡ್ಡಲ್ಲಿ ಏನೋ ಒಂದು ಹಾಕಿಸೋಣ’ ಎನ್ನುತ್ತಾರೆ. ಆಡುವವರು ಜಾರುವುದು, ಕಣಕಾಲು ಉಳುಕಿಸಿಕೊಳ್ಳುವುದು, ಮಂಡಿ ತಿರುಚಿಕೊಳ್ಳುವುದು ಹೆಚ್ಚಾಗಿ ಆ ‘ಏನೋ ಒಂದ’ರ ಮೇಲೆಯೇ. ನಂದಿ ಬೆಟ್ಟದ ಸುತ್ತಿನ ತೋಟದ ಮನೆಗಳಲ್ಲಿ, ಶ್ರೀನಿವಾಸಪುರದ ಕಡೆಯ ಮಾವಿನ ತೋಪುಗಳಲ್ಲಿ, ತುಮಕೂರಿನ ಕಾಲೇಜು ಮೈದಾನಗಳಲ್ಲಿ ಒಂಬತ್ತು ಹೋಲಿನ ಕೋರ್ಸ್ ಹಾಕಬೇಕೆನ್ನುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇವೆ. ರೂಪಾಯಿ ಲೆಕ್ಕವನ್ನು ಬೇಕೆಂದೇ ಬಿಟ್ಟಿದ್ದೇವೆ, ಏಕೆಂದರೆ ಜಲ್ಲಿ, ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತೆಗೆದ ಮರಳು) ದರ ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆ. ಪ್ರಮಾಣ ಗೊತ್ತಿದ್ದರೆ ದರವನ್ನು ನಿಮ್ಮೂರಿನ ಅಂಗಡಿಯಲ್ಲೇ ಕೇಳಿ ಗುಣಿಸಿಕೊಳ್ಳಬಹುದು.

ಅಮೆರಿಕದ ಅಥವಾ ಫಿನ್ಲೆಂಡಿನ ಸಲಹೆಗಳನ್ನು ಹಾಗೇ ಎತ್ತಿಕೊಂಡರೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿನವರ ದೊಡ್ಡ ತಲೆನೋವು ಚಳಿಗಾಲದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಪ್ಯಾಡನ್ನೇ ಎತ್ತಿಬಿಡುವುದು. ನಮಗೆ ಆ ಚಿಂತೆಯಿಲ್ಲ. ನಮ್ಮ ಶತ್ರುಗಳು ಬೇರೆ: ಮಾರ್ಚ್‌ನಿಂದ ಮೇವರೆಗಿನ ಬಿಸಿಲು, ಹಸ್ತ-ಚಿತ್ತೆಯ ಜಡಿಮಳೆ, ಗೆದ್ದಲು, ಮೇಯುವ ದನ-ಕುರಿ, ಬೇಸಿಗೆಯಲ್ಲಿ ಒಣಹುಲ್ಲಿಗೆ ಬೀಳುವ ಬೆಂಕಿ. ಅನುಕೂಲಗಳೂ ಬೇರೆ. ಕಲ್ಲು, ಜಲ್ಲಿ, ಡಸ್ಟ್ (ಜಲ್ಲಿಪುಡಿ) ಮೂರೂ ಕೂಗಳತೆಯಲ್ಲಿ ಸಿಗುತ್ತವೆ.

ಕಾಲು ಕೇಳುವುದೇನು

ಬ್ಯಾಕ್‌ಹ್ಯಾಂಡ್ ಎಸೆತವನ್ನು ಒಮ್ಮೆ ಗಮನಿಸಿ. ಆಟಗಾರ ಅಡ್ಡಡ್ಡವಾಗಿ ಮೂರು-ನಾಲ್ಕು ಹೆಜ್ಜೆ ಹಾಕುತ್ತಾನೆ, ಕೊನೆಯ ಹೆಜ್ಜೆಯಲ್ಲಿ ಮುಂಗಾಲನ್ನು ಗಟ್ಟಿಯಾಗಿ ಊರುತ್ತಾನೆ, ಆ ಕಾಲಿನ ಮೇಲೆಯೇ ಇಡೀ ಮೈಯನ್ನು ತಿರುಗಿಸಿ ಡಿಸ್ಕ್ ಬಿಡುತ್ತಾನೆ. ಊರುವಾಗ ನೆಲ ಕಾಲನ್ನು ಹಿಡಿಯಬೇಕು, ಮರುಗಳಿಗೆಯಲ್ಲೇ ಹಿಮ್ಮಡಿಯ ಮೇಲೆ ತಿರುಗಲು ಬಿಡಬೇಕು. ಹಿಡಿತ ಕಡಿಮೆಯಾದರೆ ಜಾರಿ ಬೀಳುತ್ತಾರೆ. ಹಿಡಿತ ಅತಿಯಾದರೆ ಪಾದ ನಿಂತಲ್ಲೇ ನಿಂತು ಮೈ ಮಾತ್ರ ತಿರುಗುತ್ತದೆ, ಆ ತಿರುಚು ಮಂಡಿಗೆ ಹೋಗುತ್ತದೆ. ಒಳ್ಳೆಯ ಟೀ ಎಂದರೆ ಈ ಎರಡರ ನಡುವೆ ನಿಲ್ಲುವ ನೆಲ, ಅದೂ ಒದ್ದೆಯಾದಾಗಲೂ ಒಣಗಿದಾಗಲೂ ಹೆಚ್ಚು ಕಡಿಮೆ ಒಂದೇ ಥರ ಇರುವ ನೆಲ.

ಈ ಆಟದ ಅಂತಾರಾಷ್ಟ್ರೀಯ ಸಂಸ್ಥೆಯಾದ ಪಿಡಿಜಿಎ (ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್) ನಿಯಮದಲ್ಲಿ ಪ್ಯಾಡ್ ಕಡ್ಡಾಯವೇನಲ್ಲ. ಪ್ಯಾಡ್ ಇಲ್ಲದಿದ್ದರೆ ಟೀ ಗೆರೆಯಿಂದ ಹಿಂದಕ್ಕೆ 3 ಮೀಟರ್ ಜಾಗವೇ ಟೀ ಎಂದು ಲೆಕ್ಕ. ಡಿಸ್ಕ್ ಕೈಬಿಡುವ ಗಳಿಗೆಯಲ್ಲಿ ಊರಿದ ಕಾಲು ಟೀ ಒಳಗಿರಬೇಕು. ಅದಕ್ಕೆ ಮುಂಚೆ ಅಥವಾ ಆಮೇಲೆ ಹೊರಗೆ ಹೆಜ್ಜೆ ಇಟ್ಟರೆ ತಪ್ಪಿಲ್ಲ. ಕಟ್ಟುವವರು ಇದರಿಂದ ತಿಳಿಯಬೇಕಾದ್ದು ಇಷ್ಟು: ಓಟ ಪ್ಯಾಡಿನ ಹಿಂದಿನಿಂದಲೇ ಶುರುವಾಗಬಹುದು, ಎಸೆದ ಮೇಲೆ ಕಾಲು ಪ್ಯಾಡಿನಿಂದಾಚೆ ಬೀಳುತ್ತದೆ. ಹಾಗಾಗಿ ಪ್ಯಾಡಿನ ಹಿಂದೆ ಆರು ಅಡಿ, ಮುಂದೆ ಆರು ಅಡಿ ನೆಲ ಪ್ಯಾಡಿನ ಮಟ್ಟಕ್ಕೇ ಇರಬೇಕು. ಮುಂಭಾಗದ ಅಂಚಿನಲ್ಲಿ ನಾಲ್ಕಿಂಚು ತಗ್ಗು ಬಿಟ್ಟ ಕಾಂಕ್ರೀಟ್ ಪ್ಯಾಡ್, ಮಣ್ಣಿನ ಟೀಗಿಂತ ಅಪಾಯ.

ಅಳತೆ, ದಿಕ್ಕು, ಅಡಿಪಾಯ

5 ಅಡಿ ಅಗಲ, 12 ಅಡಿ ಉದ್ದ ಸಾಕು. ಇಲ್ಲಿನ ಲೆಕ್ಕವೆಲ್ಲ ಈ ಅಳತೆಯ ಮೇಲೆಯೇ. ಬ್ಯಾಸ್ಕೆಟ್ 60 ಮೀಟರ್ ಒಳಗಿದ್ದರೆ ಹೆಚ್ಚಿನವರು ನಿಂತೇ ಎಸೆಯುತ್ತಾರೆ, ಅಲ್ಲಿ 4 ಅಡಿ, 10 ಅಡಿಗೆ ಇಳಿಸಬಹುದು. ಅದಕ್ಕಿಂತ ಚಿಕ್ಕದು ಬೇಡ. ಅಡ್ಡ ದಿಕ್ಕಿನಲ್ಲಿ ಪ್ಯಾಡ್ ಪೂರ್ತಿ ಮಟ್ಟವಾಗಿರಲಿ, ಉದ್ದಕ್ಕೆ ಮಾತ್ರ ಹಿಂದಕ್ಕೆ ಒಂದೂವರೆ ಇಂಚು ವಾಟ ಕೊಡಿ. ನೀರು ಮುಂಭಾಗಕ್ಕೆ ಬರದೆ ಹಿಂದೆ ಹರಿಯುತ್ತದೆ, ಓಡುವವನಿಗೆ ಆ ಏರು ಗೊತ್ತೂ ಆಗುವುದಿಲ್ಲ.

ಯಾವ ನೆಲವನ್ನೇ ಆರಿಸಿ, ಕೆಳಗಿನ ಕೆಲಸ ಒಂದೇ. ಪ್ಯಾಡಿಗಿಂತ ಸುತ್ತ ಅರ್ಧ ಅಡಿ ಹೆಚ್ಚಾಗಿ, ಅಂದರೆ 6 ಅಡಿಗೆ 13 ಅಡಿ, ಎಂಟಿಂಚು ಆಳ ಅಗೆಯಿರಿ. ಹುಲ್ಲಿನ ಬೇರು, ಹುತ್ತದ ಮಣ್ಣು ಇದ್ದರೆ ಇನ್ನೂ ಕೆಳಗಿಳಿದು ತೆಗೆಯಿರಿ. ತಳವನ್ನು ನೀರು ಚಿಮುಕಿಸಿ ದಮ್ಮಸ್ಸು ಮಾಡಿ. ಅದರ ಮೇಲೆ ಜಲ್ಲಿ-ಡಸ್ಟ್ ಬೆರೆತ ವೆಟ್‌ಮಿಕ್ಸ್ ಅಥವಾ ಒಳ್ಳೆ ಗ್ರಾವೆಲ್ಲನ್ನು ಎರಡು ಪದರಗಳಲ್ಲಿ ಹಾಕಿ, ಒಂದೊಂದು ಪದರದ ಮೇಲೂ ಪ್ಲೇಟ್ ಕಂಪ್ಯಾಕ್ಟರ್ (ನೆಲ ಕುಟ್ಟುವ ಯಂತ್ರ) ಮೂರ್ನಾಲ್ಕು ಸಲ ಓಡಿಸಿ, ಒಟ್ಟು ನಾಲ್ಕಿಂಚು ಗಟ್ಟಿ ತಳ ಬರಬೇಕು. ಇದಕ್ಕೆ ಸಡಿಲ ಲೆಕ್ಕದಲ್ಲಿ ಸುಮಾರು 35 ಘನ ಅಡಿ ಬೇಕು. ನೂರು ಘನ ಅಡಿಯ ಒಂದು ಟ್ರ್ಯಾಕ್ಟರ್ ಲೋಡಿನಲ್ಲಿ ಮೂರು ಟೀಗಳ ತಳ ಮುಗಿಯುತ್ತದೆ ಎನ್ನಬಹುದು. ತೇವ ಸರಿಯಿದೆಯೇ ಎಂದು ನೋಡಲು ಒಂದು ಹಿಡಿ ತೆಗೆದು ಅಮುಕಿ. ಉಂಡೆ ಕಟ್ಟಬೇಕು, ಅಂಗೈ ಒದ್ದೆಯಾಗಬಾರದು. ಒಣಗಿದ್ದರೆ ಎಷ್ಟು ಕುಟ್ಟಿದರೂ ಕೂರುವುದಿಲ್ಲ, ಹೆಚ್ಚು ಒದ್ದೆಯಾದರೆ ಯಂತ್ರದಡಿ ಅಲೆಯಂತೆ ಏಳುತ್ತದೆ.

ಕೆಂಪುಮಣ್ಣಿನಲ್ಲಿ ಇಷ್ಟು ಸಾಕು. ಕೆರೆಯಂಚಿನಲ್ಲಿ, ಹಳೆಯ ಗದ್ದೆ ಬಯಲಲ್ಲಿ ಎರೆಮಣ್ಣೋ ಗೋಡುಮಣ್ಣೋ ಸಿಕ್ಕರೆ ಮಾತು ಬೇರೆ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಮೇಲೆ ಕಾಂಕ್ರೀಟ್ ಹಾಕಿದರೆ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಓರೆಯಾಗುತ್ತದೆ. ಒಂದೂವರೆಯಿಂದ ಎರಡು ಅಡಿ ತೆಗೆದು ಗ್ರಾವೆಲ್ ತುಂಬಬೇಕು, ಇಲ್ಲವೇ ಟೀಯನ್ನೇ ಇಪ್ಪತ್ತು ಅಡಿ ಆಚೆ ಸರಿಸಬೇಕು. ಎರಡನೆಯದು ಯಾವಾಗಲೂ ಅಗ್ಗ.

ದಿಕ್ಕಿನ ವಿಷಯದಲ್ಲಿ ಅವಸರ ಬೇಡ. ಹೊಸ ಕೋರ್ಸಿನಲ್ಲಿ ಮೊದಲ ವರ್ಷ ಬ್ಯಾಸ್ಕೆಟ್ ಜಾಗ ಬದಲಾಗುತ್ತದೆ, ಟೀ ಹಿಂದೆ ಮುಂದೆ ಸರಿಯುತ್ತದೆ, ಪಕ್ಕದ ಹೊಲಕ್ಕೆ ಡಿಸ್ಕ್ ಹೋಗುತ್ತಿದೆ ಎಂದು ಇಡೀ ಹೋಲನ್ನೇ ತಿರುಗಿಸಬೇಕಾಗುತ್ತದೆ. ಗಟ್ಟಿ ಪ್ಯಾಡ್ ಹಾಕಿದ ಮೇಲೆ ಇದೆಲ್ಲ ಒಡೆದು ಕಟ್ಟುವ ಕೆಲಸ. ಆದ್ದರಿಂದ ಮೊದಲು ಒಂದು ಮಳೆಗಾಲ, ಒಂದು ಬೇಸಿಗೆ ಜಲ್ಲಿಪುಡಿಯ ಮೇಲೆ ಆಡಿ, ಆಮೇಲೆ ಗಟ್ಟಿ ಮಾಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಡಿಪಾಯ ಒಂದೇ ಆದ್ದರಿಂದ ಅದಕ್ಕೆ ಹಾಕಿದ ದುಡ್ಡು ಎಲ್ಲೂ ಹೋಗುವುದಿಲ್ಲ.

ಜಲ್ಲಿಪುಡಿ

ಕ್ರಷರ್‌ನಲ್ಲಿ ಡಸ್ಟ್ ಎಂದೇ ಕೇಳಿ. 6 ಎಂ.ಎಂ.ನಿಂದ ಹಿಡಿದು ಹಿಟ್ಟಿನಂಥ ಪುಡಿಯವರೆಗೆ ಎಲ್ಲವೂ ಬೆರೆತಿರಬೇಕು, ಹಿಟ್ಟೇ ಅಂಟು. ತೊಳೆದು ಹಿಟ್ಟು ತೆಗೆದ ಎಂ-ಸ್ಯಾಂಡ್ ಕೊಟ್ಟರೆ ಅದು ಎಂದಿಗೂ ಕೂರುವುದಿಲ್ಲ, ಕಾಲಡಿ ಮರಳಾಗಿಯೇ ಉಳಿಯುತ್ತದೆ. ಸುತ್ತ ಅಂಚಿಗೆ ಸೈಜುಗಲ್ಲನ್ನೋ ಒಡೆದ ಕಲ್ಲುಕಂಬದ ತುಂಡನ್ನೋ ನೆಲದ ಮಟ್ಟಕ್ಕೆ ಹೂತು, ನಡುವೆ ನಾಲ್ಕಿಂಚು ಡಸ್ಟ್ ಕೂರಿಸಿ. ಕೂತ ಮೇಲೆ 20 ಘನ ಅಡಿ ಬರುತ್ತದೆ, ತರಿಸುವಾಗ 26 ಹೇಳಿ.

ಮೊದಲ ದಿನ ಇದರಷ್ಟು ಹಿತವಾದ ಟೀ ಇನ್ನೊಂದಿಲ್ಲ. ಕಾಲು ಹಿಡಿಯುತ್ತದೆ, ತಿರುಗುತ್ತದೆ, ಬಿದ್ದರೂ ಚರ್ಮ ಅಷ್ಟಾಗಿ ತರಚುವುದಿಲ್ಲ. ಕಾಯಿಲೆ ಒಂದೇ: ಎಲ್ಲರೂ ಕಾಲೂರುವ ಜಾಗ ಒಂದೇ ಆದ್ದರಿಂದ ಮುಂಭಾಗದ ಒಂದೆರಡು ಅಡಿಯಲ್ಲಿ ಗುಂಡಿ ಬೀಳುತ್ತದೆ. ವಾರಕ್ಕೆ ಐವತ್ತು ಜನ ಆಡುವ ಕಡೆ ಅದನ್ನು ವಾರವಾರ ತುಂಬಬೇಕು. ಸುಮ್ಮನೆ ಒಣಪುಡಿ ಸುರಿದರೆ ಎರಡು ದಿನ ನಿಲ್ಲುವುದಿಲ್ಲ. ಗುಂಡಿಯ ತಳವನ್ನು ಹಾರೆಯಿಂದ ಕೆದಕಿ, ನೀರು ಚಿಮುಕಿಸಿ, ತೇವದ ಡಸ್ಟ್ ಹಾಕಿ ಕುಟ್ಟಬೇಕು. ಪ್ರತಿ ಟೀ ಹತ್ತಿರ ಒಂದು ಚೀಲ ಡಸ್ಟ್ ಇಟ್ಟಿದ್ದರೆ ಮಾಲಿ ಐದು ನಿಮಿಷದಲ್ಲಿ ಮುಗಿಸುತ್ತಾನೆ. ಇಟ್ಟಿಲ್ಲದಿದ್ದರೆ ಮಾಡುವುದೇ ಇಲ್ಲ.

ಗುಂಡಿ ತಡೆಯಲು ಡಸ್ಟಿಗೆ ಸಿಮೆಂಟ್ ಬೆರೆಸುವವರಿದ್ದಾರೆ. ತೂಕದಲ್ಲಿ ನೂರಕ್ಕೆ ಏಳರಷ್ಟು, ಅಂದರೆ ಒಂದು ಪ್ಯಾಡಿಗೆ ಒಂದೂವರೆ ಮೂಟೆ ಸಾಕು. ಒಣದಾಗಿಯೇ ಬೆರೆಸಿ, ಅಂಗೈಯಲ್ಲಿ ಉಂಡೆಯಾಗುವಷ್ಟು ನೀರು ಹಾಕಿ, ಎರಡು ಗಂಟೆಯೊಳಗೆ ಕುಟ್ಟಿ ಮುಗಿಸಿ, ಒಂದು ವಾರ ಗೋಣಿಚೀಲ ಹೊದಿಸಿ ನೀರು ಹಾಕಬೇಕು. ಮೂರು-ನಾಲ್ಕು ವರ್ಷ ಚೆನ್ನಾಗಿರುತ್ತದೆ, ಬೇಡವೆಂದಾಗ ಪಿಕಾಸಿಯಲ್ಲೇ ಒಡೆಯಬಹುದು. ಆದರೆ ಮೇಲ್ಮೈ ಸವೆಯತೊಡಗಿದಾಗ ಸಣ್ಣ ಹರಳು ಬಿಟ್ಟುಕೊಂಡು ಗಟ್ಟಿ ನೆಲದ ಮೇಲೆ ಗೋಲಿಯಾಡುತ್ತವೆ, ಆಗ ಜಾರುತ್ತದೆ. ಕಡ್ಡಿಪೊರಕೆಯಲ್ಲಿ ಗುಡಿಸುತ್ತಿರಬೇಕು.

ಕಾಂಕ್ರೀಟ್

ಸಾರ್ವಜನಿಕ ಜಾಗ, ದಿನವೂ ಆಟ, ನೋಡಿಕೊಳ್ಳುವವರು ಕಡಿಮೆ ಎಂದರೆ ಕಾಂಕ್ರೀಟಿಗೆ ಸಾಟಿಯಿಲ್ಲ. ಸರಿಯಾಗಿ ಹಾಕಿದರೆ ಇಪ್ಪತ್ತು ವರ್ಷ ಮರೆತುಬಿಡಬಹುದು, ತಪ್ಪಾಗಿ ಹಾಕಿದರೂ ಇಪ್ಪತ್ತು ವರ್ಷ ಅನುಭವಿಸಬೇಕು.

ನಾಲ್ಕಿಂಚು ದಪ್ಪಕ್ಕೆ ಒಂದು ಪ್ಯಾಡಿಗೆ 20 ಘನ ಅಡಿ ಕಾಂಕ್ರೀಟ್. 1:1½:3 ಮಿಶ್ರಣದಲ್ಲಿ, ಅಂದರೆ ಎಂ20ರಲ್ಲಿ, ಸಿಮೆಂಟ್ ಸುಮಾರು ನಾಲ್ಕೂವರೆ ಮೂಟೆ, ಎಂ-ಸ್ಯಾಂಡ್ ಎಂಟೂವರೆ ಘನ ಅಡಿ, 20 ಎಂ.ಎಂ. ಜಲ್ಲಿ 17 ಘನ ಅಡಿ. ಒಂಬತ್ತು ಟೀಗೆ 45 ಮೂಟೆ ಸಿಮೆಂಟ್ ತರಿಸಿದರೆ ಅಲ್ಪಸ್ವಲ್ಪ ಚೆಲ್ಲಿದರೂ ಸಾಲುತ್ತದೆ. ನೀರು ಮೂಟೆಗೆ 25ರಿಂದ 27 ಲೀಟರ್. ಹೀಗೆ ಪಾಲಿನ ಲೆಕ್ಕದಲ್ಲಿ ಬೆರೆಸುವ ನಾಮಿನಲ್ ಮಿಶ್ರಣಕ್ಕೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹಾಕಿರುವ ಮಿತಿ 30 ಲೀಟರ್. ಬಾಂಡ್ಲಿಯಿಂದ ಸುರಿಯಲು ಸಲೀಸಾಗಲೆಂದು ಕೂಲಿಯವರು ಇನ್ನೊಂದು ಬಿಂದಿಗೆ ಸೇರಿಸುತ್ತಾರೆ. ಆ ಬಿಂದಿಗೆಯೇ ಆಮೇಲೆ ಮೇಲ್ಮೈಯಲ್ಲಿ ಪುಡಿಯಾಗಿ ಏಳುತ್ತದೆ.

ರೆಡಿಮಿಕ್ಸ್ ಲಾರಿ ತರಿಸೋಣ, ಒಂಬತ್ತು ಪ್ಯಾಡಿಗೆ ಒಟ್ಟು ಐದು ಘನ ಮೀಟರ್ ಚಿಲ್ಲರೆ ತಾನೇ ಎನಿಸಬಹುದು. ಲೆಕ್ಕ ಸರಿ. ಆದರೆ ತುಂಬಿದ ಲಾರಿ ಮಾವಿನ ಸಾಲುಗಳ ನಡುವೆ ಒಂಬತ್ತು ಕಡೆ ಹೋಗಿ ನಿಲ್ಲಲಾರದು, ಬೇಸಿಗೆಯಲ್ಲಿ ಅಷ್ಟು ಹೊತ್ತು ಕಾಂಕ್ರೀಟ್ ಕಾಯಲೂ ಆರದು. ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಯುವ ಒಂದು ಮೂಟೆ ಮಿಕ್ಸರ್, ದಿನಕ್ಕೆ ಮೂರು ಟೀ, ಇದೇ ಸರಿಹೋಗುವ ಕ್ರಮ.

ಕಂಬಿ ಬೇಕೇ? ಗಟ್ಟಿ ಕೆಂಪುಮಣ್ಣಿನ ಮೇಲೆ ಒಳ್ಳೆಯ ತಳವಿದ್ದರೆ ಬಿಡಬಹುದು, ಸಂದೇಹವಿದ್ದರೆ ಹಾಕಿ. 8 ಎಂ.ಎಂ. ಕಂಬಿಯನ್ನು ಎಂಟಿಂಚಿಗೊಂದರಂತೆ ಎರಡೂ ಕಡೆ ಕಟ್ಟಿದರೆ ಪ್ಯಾಡಿಗೆ 22 ಕೆ.ಜಿ. ಆಗುತ್ತದೆ. ಕಂಬಿ ದಪ್ಪದ ನಡುವಿಗಿಂತ ತುಸು ಮೇಲಿರಬೇಕು. ನೆಲಕ್ಕೆ ಅಂಟಿಸಿ ಮೇಲೆ ಕಾಂಕ್ರೀಟ್ ಸುರಿದರೆ ಕಂಬಿ ಇದ್ದೂ ಇಲ್ಲದ ಹಾಗೆ, ಕಂಬಿಯನ್ನು ಎತ್ತಿ ಹಿಡಿಯುವ ಎರಡಿಂಚಿನ ಕವರ್ ಬ್ಲಾಕ್ ಕೊಡಿ. ಕಂಬಿಯಿದ್ದರೂ ಇಲ್ಲದಿದ್ದರೂ 12 ಅಡಿ ಉದ್ದದ ನಾಲ್ಕಿಂಚಿನ ಹಾಸು ಎಲ್ಲೋ ಒಂದು ಕಡೆ ಬಿರಿಯಲು ನೋಡುತ್ತದೆ. ಎಲ್ಲಿ ಬಿರಿಯಬೇಕೆಂದು ನೀವೇ ಹೇಳಿಬಿಡಿ: ಸರಿಯಾಗಿ ನಡುವೆ, ಆರನೇ ಅಡಿಯಲ್ಲಿ, ಅಡ್ಡಲಾಗಿ ಒಂದಿಂಚು ಆಳದ ಗೀರು ಹಾಕಿಸಿ. ಹಸಿಯಿದ್ದಾಗ ಪಟ್ಟಿ ಒತ್ತಿ ಮಾಡಬಹುದು, ಇಲ್ಲವೇ ಮಾರನೆಯ ಬೆಳಿಗ್ಗೆಯೊಳಗೆ ಕಟರ್‌ನಲ್ಲಿ ಕೊಯ್ಯಬಹುದು. ಕಂಬಿ ಹಾಕಿದ್ದರೆ ಗೀರಿನ ಕೆಳಗೆ ಒಂದು ಬಿಟ್ಟು ಒಂದು ಉದ್ದಗಂಬಿಯನ್ನು ಮೊದಲೇ ಕತ್ತರಿಸಿರಬೇಕು.

ಈಗ ಮೇಲ್ಮೈ. ಇಲ್ಲಿ ಮೇಸ್ತ್ರಿಯ ಕೈಚಳಕವೇ ತೊಡಕು. ಮನೆಯ ನೆಲ ಮಾಡಿ ಪಳಗಿದ ಕೈ, ಕೊನೆಗೆ ಒಣ ಸಿಮೆಂಟ್ ಉದುರಿಸಿ ಕರಣೆಯಲ್ಲಿ ಕನ್ನಡಿಯ ಹಾಗೆ ನುಣುಪು ಮಾಡದೆ ಬಿಡುವುದಿಲ್ಲ. ಮಾಡದಿದ್ದರೆ ಕೆಲಸ ಅರೆಬರೆಯಾಯಿತು ಎಂಬ ಸಂಕೋಚ ಅವರದು. ಕೆಲಸ ಶುರುವಾಗುವ ಮುಂಚೆಯೇ ಕೂತು ಹೇಳಿ: ಮಟ್ಟಗೋಲು ಎಳೆಯಿರಿ, ಮರದ ಹಲಗೆಯಲ್ಲಿ ಉಜ್ಜಿ, ಅಲ್ಲಿಗೆ ನಿಲ್ಲಿಸಿ. ಕಬ್ಬಿಣದ ಕರಣೆ ಅಂಚಿಗಷ್ಟೇ. ಮೇಲೆ ತೇಲಿದ ನೀರು ಆರಿ ಹೊಳಪು ಹೋದಾಗ, ಹೆಬ್ಬೆಟ್ಟು ಒತ್ತಿದರೆ ಗುರುತು ಬೀಳುತ್ತದೆ ಆದರೆ ಬೆರಳಿಗೆ ಹತ್ತುವುದಿಲ್ಲ ಎನ್ನುವ ಹದದಲ್ಲಿ, ತೆಂಗಿನ ಕಡ್ಡಿಪೊರಕೆಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದೇ ಎಳೆತದಲ್ಲಿ ಎಳೆಯಬೇಕು. ಗೆರೆಗಳು ಎಸೆಯುವ ದಿಕ್ಕಿಗೆ ಅಡ್ಡ ಬರಬೇಕು. ಉದ್ದಕ್ಕೆ ಎಳೆದರೆ ಕಾಲು ಆ ಗೆರೆಯ ಗುಂಟವೇ ಜಾರುತ್ತದೆ. ಆಳ ಎರಡು ಎಂ.ಎಂ. ಆಸುಪಾಸು ಸಾಕು. ಅದಕ್ಕಿಂತ ಒರಟಾದರೆ ಶೂ ತಿರುಗುವುದಿಲ್ಲ, ಸೋಲ್ ಎರಡು ತಿಂಗಳಲ್ಲಿ ಸವೆಯುತ್ತದೆ. ತೀರಾ ಹಸಿಯಲ್ಲಿ ಎಳೆದರೆ ಜಲ್ಲಿ ಮೇಲೆದ್ದು ಬರುತ್ತದೆ, ತಡವಾದರೆ ಪೊರಕೆ ಬರೀ ಗೀಚುತ್ತದೆ. ಮೊದಲು ಕೋರ್ಸಿನ ಅತಿ ಚಿಕ್ಕ ಹೋಲಿನ ಟೀ ಹಾಕಿಸಿ. ಕೈ ಪಳಗುವುದು ಅದರ ಮೇಲಾಗಲಿ.

ಬಿಸಿಲು-ಗಾಳಿ ಇರುವ ದಿನಗಳಲ್ಲಿ ಮಧ್ಯಾಹ್ನ ಹಾಕಿದ ಕಾಂಕ್ರೀಟಿನ ಮೈಮೇಲೆ ಒಂದೆರಡು ಗಂಟೆಯಲ್ಲೇ ಕೂದಲೆಳೆಯ ಬಿರುಕು ಮೂಡುತ್ತದೆ. ಒಳಗಿನ ನೀರು ಮೇಲೆ ಬರುವುದಕ್ಕಿಂತ ಬೇಗ ಮೇಲಿನದು ಆವಿಯಾಗುವುದರಿಂದ ಹೀಗೆ. ನಾಲ್ಕು ಗಂಟೆಯ ಮೇಲೆ ಶುರುಮಾಡಿ, ತಳಕ್ಕೆ ಮುಂಚೆಯೇ ನೀರು ಹೊಡೆದಿರಿ, ಪೊರಕೆ ಎಳೆದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಮರುದಿನದಿಂದ ಒದ್ದೆ ಗೋಣಿಚೀಲ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟ್, ಅದಕ್ಕೆ ಕನಿಷ್ಠ ಹತ್ತು ದಿನ, ಬೇಸಿಗೆಯಲ್ಲಿ ಹದಿನಾಲ್ಕು ದಿನ ಕ್ಯೂರಿಂಗ್ ಬೇಕು. ಟ್ಯಾಂಕರ್ ನೀರು ಕೊಳ್ಳುವ ಜಾಗದಲ್ಲಿ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದಕ್ಕಿಂತ ಗೋಣಿಚೀಲದ ಮೇಲೆ ಪ್ಲಾಸ್ಟಿಕ್ ಹೊದಿಸುವುದರಲ್ಲೇ ಉಳಿತಾಯ. ದನ ಬಾರದ ಹಾಗೆ ಮುಳ್ಳುಬೇಲಿ ಹಾಕಿ, ಹಸಿ ಕಾಂಕ್ರೀಟಿನ ಮೇಲೆ ಬಿದ್ದ ಗೊರಸಿನ ಗುರುತು ಮತ್ತೆ ಹೋಗುವುದಿಲ್ಲ.

ಚಪ್ಪಡಿ

ಹೊರದೇಶದ ಪಟ್ಟಿಗಳಲ್ಲಿ ಇದು ಸಾಮಾನ್ಯವಾಗಿ ಕಾಣುವುದಿಲ್ಲ. ಸೂರಿಗೂ ಬೇಲಿಗೂ ಕಲ್ಲನ್ನೇ ಬಳಸಿದ ನಾಡಿನಲ್ಲಿ ಇದನ್ನು ಮೊದಲು ನೋಡದೆ ಹೋದರೆ ದಡ್ಡತನ.

5 ಅಡಿ ಉದ್ದ, 3 ಅಡಿ ಅಗಲ, ನಾಲ್ಕಿಂಚು ದಪ್ಪದ ನಾಲ್ಕು ಚಪ್ಪಡಿಗಳನ್ನು ಅಡ್ಡಡ್ಡಲಾಗಿ ಹಾಸಿದರೆ 5ಕ್ಕೆ 12 ಅಡಿಯ ಪ್ಯಾಡ್ ಸಿದ್ಧ. ಹೀಗೆ ಹಾಸಿದಾಗ ಮುಂಭಾಗದ ಮೂರು ಅಡಿಯಲ್ಲಿ, ಅಂದರೆ ಕಾಲೂರುವ ಜಾಗದಲ್ಲಿ, ಸಂದೇ ಬರುವುದಿಲ್ಲ. ಉದ್ದುದ್ದ ಹಾಸಿದರೆ ಪ್ಯಾಡಿನ ನಟ್ಟನಡುವೆ ಸಂದು ಬಂದು ತಿರುಗುವ ಹಿಮ್ಮಡಿ ಅದಕ್ಕೇ ಸಿಕ್ಕುತ್ತದೆ. ಒಂದೊಂದು ಚಪ್ಪಡಿ ಸುಮಾರು 380 ಕೆ.ಜಿ. ತೂಗುತ್ತದೆ, ಆದ್ದರಿಂದ ಜೆಸಿಬಿ ಹೋಗುವ ದಾರಿ ಇರಬೇಕು. ಖರ್ಚು ಕಲ್ಲಿಗಿಂತ ಸಾಗಾಣಿಕೆಗೇ ಹೆಚ್ಚು. ಮೂರಿಂಚಿಗೆ ಇಳಿಸಬಹುದು, ಎರಡಿಂಚಿನದು ಬೇಡ. ಕೆಳಗೆ ಎಲ್ಲಾದರೂ ಪೊಳ್ಳು ಉಳಿದರೆ ಸೀಳುತ್ತದೆ.

ಗಟ್ಟಿ ತಳದ ಮೇಲೆ ಒಂದಿಂಚು ಅರೆತೇವದ ಗಾರೆ, ಒಂದು ಪಾಲು ಸಿಮೆಂಟಿಗೆ ಆರು ಪಾಲು ಡಸ್ಟ್, ಒಟ್ಟು ಮುಕ್ಕಾಲು ಮೂಟೆ ಸಿಮೆಂಟ್ ಹಿಡಿಯುತ್ತದೆ. ಕೂರಿಸಿದ ಮೇಲೆ ಹಾರೆಯ ತುದಿಯಿಂದ ಎಲ್ಲ ಕಡೆ ತಟ್ಟಿ ನೋಡಿ, ಪೊಳ್ಳು ಸದ್ದು ಬಂದ ಕಡೆ ಎತ್ತಿ ಮತ್ತೆ ಗಾರೆ ತುಂಬಿಸಿ. ಅಕ್ಕಪಕ್ಕದ ಚಪ್ಪಡಿಗಳ ಏರುಪೇರು 3 ಎಂ.ಎಂ. ದಾಟಬಾರದು.

ತಪ್ಪಾಗುವುದು ಮೇಲ್ಮೈಯಲ್ಲೇ. ಕ್ವಾರಿಯಿಂದ ಸೀಳಿ ತಂದ ಚಪ್ಪಡಿಯಲ್ಲಿ ಉಬ್ಬುತಗ್ಗು ಬೆರಳು ದಪ್ಪ ಇರುತ್ತದೆ, ಅದರ ಮೇಲೆ ಓಡಲಾಗದು. ಪಾಲಿಶ್ ಮಾಡಿದ ಗ್ರಾನೈಟನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ತರಬೇಡಿ, ಮಳೆ ಹನಿ ಬಿದ್ದರೆ ಸಾಕು. ಬೇಕಾದದ್ದು ಯಂತ್ರದಲ್ಲಿ ಕೊಯ್ದು ಆಮೇಲೆ ಫ್ಲೇಮಿಂಗ್ ಮಾಡಿದ ಮೇಲ್ಮೈ. ಗ್ಯಾಸಿನ ಜ್ವಾಲೆ ತಗುಲಿದಾಗ ಕಲ್ಲಿನೊಳಗಿನ ಬೆಣಚಿನ ಹರಳು ಹಿಗ್ಗಿ ಸಿಡಿದು ಒಂದೇ ಸಮನಾದ ತರಿ ಉಳಿಯುತ್ತದೆ. ಬೂದುಬಣ್ಣದ, ಬಿಳಿಚುಕ್ಕೆಯ ಕಲ್ಲಿನಲ್ಲಿ ಇದು ಚೆನ್ನಾಗಿ ಬರುತ್ತದೆ. ಕರಿಕಲ್ಲಿನಲ್ಲಿ ಬೆಣಚು ಕಡಿಮೆ, ಅಷ್ಟು ಚೆನ್ನಾಗಿ ಬರುವುದಿಲ್ಲ, ಬಿಸಿಲಿಗೆ ಕಾಯುವುದೂ ಹೆಚ್ಚು. ಫ್ಲೇಮಿಂಗ್ ಸೌಕರ್ಯ ಹತ್ತಿರವಿಲ್ಲದಿದ್ದರೆ ಕಲ್ಲುಕುಟಿಗರಿಂದ ಸಣ್ಣ ಉಳಿಯಲ್ಲಿ ಒತ್ತೊತ್ತಾಗಿ ಚುಕ್ಕಿ ಹೊಡೆಸಿ. ಮುಂಭಾಗದ ಎರಡು ಚಪ್ಪಡಿಗೆ ಮಾಡಿಸಿದರೂ ಸಾಕು. ವರ್ಷಗಳು ಕಳೆದ ಮೇಲೆ ಕಾಲೂರುವ ಜಾಗ ನಯವಾದರೆ ಮತ್ತೊಮ್ಮೆ ಚುಕ್ಕಿ ಹೊಡೆಸಬಹುದು. ಸವೆದ ಕಾಂಕ್ರೀಟನ್ನು ಇಷ್ಟು ಸುಲಭವಾಗಿ ಸರಿಮಾಡಲಾಗದು. ಕೋರ್ಸ್ ಬದಲಾದರೆ ಚಪ್ಪಡಿ ಎತ್ತಿಕೊಂಡೂ ಹೋಗಬಹುದು. ಕ್ವಾರಿ ಇಪ್ಪತ್ತು-ಮೂವತ್ತು ಕಿಲೋಮೀಟರ್ ಒಳಗಿದ್ದರೆ ನಾವು ಕಾಂಕ್ರೀಟಿಗಿಂತ ಇದನ್ನೇ ಮೇಲಿಡುತ್ತೇವೆ.

ರಬ್ಬರ್

ಹೊರಗಡೆ ಕುದುರೆ ಲಾಯದ ಮ್ಯಾಟ್‌ಗಳನ್ನು ಟೀಗೆ ಹಾಸುವ ರೂಢಿಯಿದೆ. ಹಾಲಿನ ಡೇರಿಗಳ ನಮ್ಮ ಜಿಲ್ಲೆಗಳಲ್ಲಿ ಅದರ ಬದಲು ಕೌ ಮ್ಯಾಟ್ ಎಲ್ಲ ಕಡೆ ಸಿಗುತ್ತದೆ. ಆರೂವರೆ ಅಡಿಗೆ ನಾಲ್ಕು ಅಡಿಯ, 17 ಎಂ.ಎಂ. ದಪ್ಪದ್ದಾದರೆ ಒಂದು ನಲವತ್ತು-ಐವತ್ತು ಕೆ.ಜಿ. ತೂಗುತ್ತದೆ. ಎರಡನ್ನು ಉದ್ದಕ್ಕೆ ಜೋಡಿಸಿದರೆ ನಾಲ್ಕು ಅಡಿ ಅಗಲದ 13 ಅಡಿ ಟೀ ಆಯಿತು. ಅರ್ಧ ದಿನದ ಕೆಲಸ, ಬೇಕೆಂದಾಗ ಸರಿಸಬಹುದು, ಮಂಡಿಗೂ ಮೆತ್ತಗೆ.

ಒಣಗಿದ್ದಾಗ ಹಿಡಿತ ಚೆನ್ನಾಗಿದೆ. ಕೆಂಪುಮಣ್ಣಿನ ಕೆಸರು ಮೆತ್ತಿದ ಶೂನಲ್ಲಿ, ಮಳೆ ಬಿದ್ದ ಮ್ಯಾಟ್ ಮೇಲೆ, ಇದರಷ್ಟು ಜಾರುವುದು ಬೇರೊಂದಿಲ್ಲ. ಮಳೆಗಾಲದಲ್ಲಿ ಆಡುವ ಕೋರ್ಸಿಗೆ ಆಗದು, ಅಥವಾ ಟೀ ಹಿಂದೆ ಕಾಲೊರೆಸಲು ಜಲ್ಲಿ ಹಾಸಿ ಒಂದು ಕಡ್ಡಿಪೊರಕೆ ಕಟ್ಟಿರಬೇಕು. ಬರಿಮಣ್ಣಿನ ಮೇಲೆ ಹಾಸಿದರೆ ನೀರು ಕೆಳಗೆ ನುಗ್ಗಿ ಒಂದೇ ಮಳೆಯಲ್ಲಿ ತಳ ಕೊರೆಯುತ್ತದೆ. ಅಡಿಯ ತಂಪಿಗೆ ಚೇಳು, ಹಾವು ಸೇರುತ್ತವೆ, ಬರಿಗೈಯಲ್ಲಿ ಅಂಚು ಎತ್ತಬೇಡಿ. ನಾಲ್ಕೂ ಮೂಲೆಗೆ, ಸಂದಿನ ಗುಂಟ ಅಡಿಗೊಂದರಂತೆ ಹತ್ತಿಂಚಿನ ಕಂಬಿ ಮೊಳೆ ಹೊಡೆದು ತಲೆಯನ್ನು ಮ್ಯಾಟಿನ ಮಟ್ಟಕ್ಕಿಂತ ಕೆಳಗಿಳಿಸಿ. ಹೊಡೆಯದಿದ್ದರೆ ತಿರುಗುವ ಕಾಲಿಗೆ ಮ್ಯಾಟ್ ಸರಿಯುತ್ತದೆ, ಸಂದು ಬಾಯಿ ಬಿಡುತ್ತದೆ. ಬೇಲಿಯಿಲ್ಲದ ಜಾಗದಲ್ಲಿ ಒಂದು ದಿನ ಅದು ಯಾರದೋ ಕೊಟ್ಟಿಗೆಯಲ್ಲಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕ್ರಷರ್‌ಗಳಲ್ಲಿ ಹಳೆಯ ಕನ್ವೇಯರ್ ಬೆಲ್ಟ್ ಅಗ್ಗಕ್ಕೆ ಸಿಗುತ್ತದೆ, ಗಟ್ಟಿಯೂ ಹೌದು. ಆದರೆ ಮೇಲ್ಮೈ ಸವೆದು ನಯವಾಗಿರುತ್ತದೆ, ಒಳಗಿನ ನೂಲು ಅಂಚಲ್ಲಿ ಬಿಚ್ಚಿಕೊಂಡು ಕಾಲಿಗೆ ತೊಡರುತ್ತದೆ. ದಾರಿಗೆ ಹಾಸಿಕೊಳ್ಳಿ, ಟೀಗೆ ಬೇಡ.

ಟರ್ಫ್ ಮತ್ತು ನಾರಿನ ಮ್ಯಾಟ್

ಗಟ್ಟಿ ಜಲ್ಲಿಪುಡಿಯ ಮೇಲೆ ಕೃತಕ ಹುಲ್ಲು ಹಾಸುವುದು ಯುರೋಪಿನ ಉತ್ತರದ ದೇಶಗಳಲ್ಲಿ ಬಹಳ ಬಳಕೆಯಲ್ಲಿದೆ, ಅಲ್ಲಿ ಅದು ಒಪ್ಪುತ್ತದೆ ಕೂಡ. ಇಲ್ಲಿ ಸಮಸ್ಯೆ ಎಲ್ಲಿಂದ ಶುರುವಾಗುತ್ತದೆಂದರೆ, ಬಾಕ್ಸ್ ಕ್ರಿಕೆಟ್ ಅಂಕಣ ಕಿತ್ತಾಗ ಉಳಿದ ಟರ್ಫ್ ಕಡಿಮೆಗೆ ಸಿಗುತ್ತದೆ, ಅದನ್ನೇ ತಂದು ಹಾಸುತ್ತಾರೆ. ಅದರ ಎಳೆ 40-50 ಎಂ.ಎಂ. ಉದ್ದ. ಪಾದ ಅದರಲ್ಲಿ ಹುಗಿದು ಸಿಕ್ಕಿಕೊಳ್ಳುತ್ತದೆ, ಮಂಡಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಟೀಗೆ ಬೇಕಾದ್ದು 10-15 ಎಂ.ಎಂ. ಎಳೆಯ ದಟ್ಟವಾದ ಟರ್ಫ್, ಕ್ರಿಕೆಟ್ ನೆಟ್ಸ್‌ನ ಪಿಚ್ಚಿಗೆ ಹಾಸುವ ಬಗೆ.

ಅಂಚಿನಲ್ಲಿ ಅಡಿಗೊಂದರಂತೆ ಆರಿಂಚಿನ ಯು-ಪಿನ್ ಹೊಡೆದು ಬಿಗಿಯಾಗಿ ಎಳೆದು ಕೂರಿಸಬೇಕು. ಸಡಿಲವಿದ್ದರೆ ಕಾಲೂರುವ ಕಡೆ ನೆರಿಗೆ ಏಳುತ್ತದೆ, ಎಡವುವುದು ಅಲ್ಲೇ. ಬಿಸಿಲಲ್ಲಿ ಇದು ಎಲ್ಲ ನೆಲಗಳಿಗಿಂತ ಹೆಚ್ಚು ಕಾಯುತ್ತದೆ. ಏಪ್ರಿಲ್ ಮಧ್ಯಾಹ್ನದಲ್ಲಿ 60 ಡಿಗ್ರಿ ದಾಟಬಲ್ಲದು. ಒಣಹುಲ್ಲಿನ ಬೆಂಕಿ ಹತ್ತಿರ ಬಂದರೆ ಟರ್ಫ್, ರಬ್ಬರ್ ಎರಡೂ ಹೊತ್ತಿ ಉರಿಯುತ್ತವೆ, ಸುತ್ತ ಮೂರು ಅಡಿ ಹುಲ್ಲು ಕೆತ್ತಿಸಿರಬೇಕು. ಇಷ್ಟೆಲ್ಲ ಆದರೂ ನೆರಳಿರುವ ತೋಪಿನಲ್ಲಿ, ರೆಸಾರ್ಟಿನಂಥ ಕಾವಲಿರುವ ಜಾಗದಲ್ಲಿ, ಮಳೆಯಲ್ಲೂ ಜಾರದ ಒಳ್ಳೆ ಟೀ ಕೊಡುತ್ತದೆ. ಮುಂಭಾಗ ಸವೆದಾಗ ಹಾಸನ್ನು ತುದಿಬದಲು ಮಾಡಿ ಹಾಸಿದರೆ ಇನ್ನೊಂದಷ್ಟು ಕಾಲ ಬರುತ್ತದೆ.

ತೆಂಗಿನ ನಾರಿನ ಕ್ರಿಕೆಟ್ ಮ್ಯಾಟ್ ಒಂದೆರಡು ದಿನದ ಪಂದ್ಯಕ್ಕೆ ಲಾಯಕ್ಕು. ಗಟ್ಟಿ ನೆಲದ ಮೇಲೆ ಮೊಳೆ ಹೊಡೆದು ಬಿಗಿದರೆ ಹಿಡಿತ ಹಿತವಾಗಿರುತ್ತದೆ. ಪಂದ್ಯ ಮುಗಿದ ಸಂಜೆಯೇ ಸುತ್ತಿ ಒಳಗಿಡಿ, ಬಿಟ್ಟರೆ ಗೆದ್ದಲಿಗೆ ಊಟ.

ಉಳಿದವು

ಇಂಟರ್‌ಲಾಕ್ ಇಟ್ಟಿಗೆಯ ಮೇಲೆ ಬಹಳ ಜನರಿಗೆ ಮೋಹ. 60 ಎಂ.ಎಂ. ದಪ್ಪದ್ದು, ಹೊಳಪಿಲ್ಲದ್ದು, ಸುತ್ತ ಕಾಂಕ್ರೀಟಿನ ಗಟ್ಟಿ ಅಂಚು, ಕೆಳಗೆ ಒಂದಿಂಚು ಮರಳು ಇದ್ದರೆ ಕೆಟ್ಟದ್ದೇನಲ್ಲ. ಆದರೆ ಇರುವೆ ಮರಳನ್ನು ಮೇಲೆ ತರುತ್ತದೆ, ಮರದ ಬೇರು ಇಟ್ಟಿಗೆ ಎತ್ತುತ್ತದೆ, ತಿರುಗುವ ಕಾಲಿಗೆ ಸಿಕ್ಕುವ ಸಂದುಗಳು ನೂರಾರು. ಕ್ಯಾಂಪಸ್ಸಿನಲ್ಲಿ ಉಳಿದ ಇಟ್ಟಿಗೆಯಿದ್ದರೆ ಟೀ ಹಿಂದಿನ ಕಾಯುವ ಜಾಗಕ್ಕೆ ಹಾಸಿ.

ಡಾಂಬರು ಇಷ್ಟು ಚಿಕ್ಕ ಕೆಲಸಕ್ಕೆ ಬಿಸಿಯಾಗಿ ತರಿಸಿ ರೋಲರ್ ಓಡಿಸುವುದೇ ಕಷ್ಟ, ಬೇಸಿಗೆಯಲ್ಲಿ ಅಂಚು ಮೆತ್ತಗಾಗಿ ಕುಸಿಯುತ್ತದೆ. ಮರದ ಅಟ್ಟಣೆ ಇಳಿಜಾರಿನಲ್ಲಿ ಚಂದ ಕಾಣುತ್ತದೆ. ನೀಲಗಿರಿ, ಸರ್ವೆ ಗಳುಗಳು ಅಗ್ಗವೂ ಹೌದು, ಆದರೆ ನೆಲ ಮುಟ್ಟಿದ ಕಡೆ ಗೆದ್ದಲು ಬಿಡುವುದಿಲ್ಲ, ಒದ್ದೆ ಹಲಗೆ ಜಾರುತ್ತದೆ. ಇಳಿಜಾರಿನಲ್ಲಿ ಎತ್ತರ ಬೇಕಾದರೆ ಸೈಜುಗಲ್ಲಿನ ತಡೆಗೋಡೆ ಕಟ್ಟಿ ಒಳಗೆ ಗ್ರಾವೆಲ್ ತುಂಬಿಸಿ, ಕಲ್ಲಿನ ಸಂದುಗಳಲ್ಲಿ ನೀರು ಹೊರಹೋಗಲು ತೂತು ಬಿಡಿ. ತುಂಬಿದ ಮಣ್ಣು ಒಂದು ಮಳೆಗಾಲ ಕೂರಲಿ, ಆಮೇಲೆ ಮೇಲಿನ ನೆಲ.

ಯಾವ ಜಾಗಕ್ಕೆ ಯಾವುದು

ಇನ್ನೂ ಗೆರೆ ಹಾಕುತ್ತಿರುವ ಕೋರ್ಸಿಗೆ ಒಂಬತ್ತೂ ಟೀ ಜಲ್ಲಿಪುಡಿ, ಬೇರೆ ಯೋಚನೆ ಬೇಡ. ವಿದ್ಯಾರ್ಥಿಗಳು ದಿನವೂ ಆಡುವ ಕಾಲೇಜು ಮೈದಾನಕ್ಕೆ ಕಾಂಕ್ರೀಟ್. ಮೇಸ್ತ್ರಿ, ಮಿಕ್ಸರ್, ನೀರು ಮೂರೂ ಅಲ್ಲಿ ಸುಲಭ. ಮಾವಿನ ತೋಪಿನಲ್ಲಿ ಸಿಮೆಂಟ್ ಬೆರೆಸಿದ ಜಲ್ಲಿಪುಡಿ ಸರಿ, ಏಕೆಂದರೆ ಮರ ಬೆಳೆದಂತೆ ದಾರಿ ಮುಚ್ಚಿ ಟೀ ಸರಿಸುವುದು ತಪ್ಪಿದ್ದಲ್ಲ, ಫಸಲಿನ ಕಾಲದಲ್ಲಿ ಟ್ರ್ಯಾಕ್ಟರ್ ಅದರ ಮೇಲೆ ಹತ್ತಿದರೂ ದುಃಖವಿಲ್ಲ. ಬೆಟ್ಟದ ಬುಡದ ಬಂಡೆಗಾಡಿನಲ್ಲಿ ಚಪ್ಪಡಿ. ಕೆಲವು ಕಡೆ ನೆಲದ ಬಂಡೆಯೇ ಸಾಕಷ್ಟು ಸಮತಟ್ಟಾಗಿ ಸಿಗುತ್ತದೆ, ಅಲ್ಲಿ ಗೆರೆ ಬಳಿದು, ಕಾಲೂರುವ ಕಡೆ ಚುಕ್ಕಿ ಹೊಡೆಸಿದರೆ ಟೀ ಆಯಿತು. ಕೆರೆ ಬದಿಯ ಗೋಡುಮಣ್ಣಿಗೆ ಮ್ಯಾಟೋ ಪುಡಿಯೋ ಹೊರತು ಭಾರದ್ದು ಬೇಡ.

ದುಡ್ಡು ಅರ್ಧಕ್ಕಷ್ಟೇ ಇದ್ದರೆ ಒಂಬತ್ತು ಟೀಗೂ ಅರೆಬರೆ ಹಂಚಬೇಡಿ. ಉದ್ದದ ಮೂರು-ನಾಲ್ಕು ಹೋಲುಗಳಲ್ಲಿ ಜನ ಪೂರ್ತಿ ಓಡಿ ಎಸೆಯುತ್ತಾರೆ, ಗಟ್ಟಿ ಪ್ಯಾಡ್ ಮೊದಲು ಅಲ್ಲಿಗೆ. ಇನ್ನೂ ಕಡಿಮೆಯಿದ್ದರೆ ಪುಡಿಯ ಟೀಯ ಮುಂಭಾಗಕ್ಕೆ ಮಾತ್ರ 5ಕ್ಕೆ 3 ಅಡಿಯ ಒಂದೇ ಒಂದು ಫ್ಲೇಮ್ ಮಾಡಿದ ಚಪ್ಪಡಿ ಕೂರಿಸಿ, ಹಿಂದಿನ ಒಂಬತ್ತು ಅಡಿ ಡಸ್ಟ್ ಇರಲಿ. ಗುಂಡಿ ಬೀಳುವ ಜಾಗವೇ ಕಲ್ಲಾಗುತ್ತದೆ. ಡಸ್ಟ್ ಇಳಿದಂತೆ ಚಪ್ಪಡಿಯ ಹಿಂಬದಿ ಅಂಚು ಮೇಲೆದ್ದು ಓಡಿಬರುವ ಕಾಲಿಗೆ ತಗುಲದಂತೆ, ಪ್ರತಿ ಮಳೆಯಾದ ಮೇಲೆ ಆ ಸಂದಿಗೆ ಒಂದು ಬಾಂಡ್ಲಿ ಡಸ್ಟ್ ಹಾಕಿ ಕುಟ್ಟಿಸಿ.